ದುಬೈಯಲ್ಲಿ ನಾನೊಬ್ಬಳೇ ಹೊರಗೆ ಹೋಗಬಹುದಾ?

ಪ್ರಶ್ನೆ: ನಾನು ಕಾಪುವಿನವಳು, ವಯಸ್ಸು 59. ಮಗ-ಸೊಸೆ ದುಬೈಯ ಅಲ್ ನಹ್ದಾದಲ್ಲಿ ಇದ್ದಾರೆ. ನವೆಂಬರ್‌ನಲ್ಲಿ ಎರಡು ತಿಂಗಳಿಗೆ ಬಾ ಅಂತ ಕರೆದಿದ್ದಾರೆ. ಇಬ್ಬರೂ ಬೆಳಿಗ್ಗೆ ಏಳೂವರೆಗೆ ಹೊರಟರೆ ಮನೆಗೆ ಬರುವುದು ರಾತ್ರಿ. ಹೋದ ಸಲ ವಾರವಿಡೀ ಹನ್ನೊಂದನೇ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ರಜೆಯ ದಿನ ಮಾತ್ರ ಕಾರಿನಲ್ಲಿ ಹೊರಗೆ. ತುಳು, ಕನ್ನಡ ಬರುತ್ತದೆ. ಹಿಂದಿ ಅಷ್ಟಕ್ಕಷ್ಟೆ. ಇಂಗ್ಲಿಷ್ ಓದಬಲ್ಲೆ, ಮಾತಾಡಲು ಹೆದರಿಕೆ. ಅಲ್ಲಿ ನಾನೊಬ್ಬಳೇ ಓಡಾಡಬಹುದಾ? ದಾರಿ ತಪ್ಪಿದರೆ ಏನು ಮಾಡುವುದು?

ಉತ್ತರ: ಅಕ್ಕಾ, ಖಂಡಿತ ಓಡಾಡಬಹುದು. ಓಡಾಡಲೇಬೇಕು ಅಂತ ನಾನು ಹೇಳುತ್ತೇನೆ. ನಾನು 17 ವರ್ಷ ದುಬೈಯಲ್ಲಿ ಕೆಲಸ ಮಾಡಿದವಳು. ಮೆಟ್ರೋ ಬರುವ ಮೊದಲು ಬಸ್ಸಿನಲ್ಲಿ, ಆಮೇಲೆ ಮೆಟ್ರೋದಲ್ಲಿ ದಿನಾ ಓಡಾಡಿದ್ದೇನೆ. ಈಗ ಮಂಗಳೂರಿನಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ಕೂತು, ಮಕ್ಕಳ ಮನೆಗೆ ಹೊರಟ ತಂದೆ-ತಾಯಿಯರಿಗೆ ಇದನ್ನೇ ಹೇಳಿಕೊಡುತ್ತೇನೆ. ನಿಮ್ಮ ಹನ್ನೊಂದನೇ ಮಹಡಿಯ ಮಾತು ಓದಿ ಸಂಕಟವಾಯಿತು. ಇದೇ ಮಾತನ್ನು ನನ್ನ ಮೇಜಿನ ಮುಂದೆ ಕೂತು ಎಷ್ಟು ಜನ ತಾಯಂದಿರು ಹೇಳಿದ್ದಾರೋ. ಮಕ್ಕಳು ಪ್ರೀತಿಯಿಂದಲೇ ಕರೆಸಿಕೊಂಡಿರುತ್ತಾರೆ, ರಜೆ ಸಿಕ್ಕಿದಾಗ ಎಲ್ಲ ಕಡೆ ತೋರಿಸುತ್ತಾರೆ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದ ಊರು ಕಾಲಿಗೆ ಹತ್ತುವುದಿಲ್ಲ. ಎರಡು ತಿಂಗಳು ಇದ್ದು ಬಂದರೂ ಮನೆಯಿಂದ ಅಂಗಡಿಗೆ ಯಾವ ಕಡೆ ತಿರುಗಬೇಕು ಅಂತ ಗೊತ್ತಿರುವುದಿಲ್ಲ.

ನಿಮ್ಮ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಕಾಪುವಿನಿಂದ ಮಂಗಳೂರಿಗೋ ಉಡುಪಿಗೋ ನೀವು ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೀರಿ. ಅಲ್ಲಿ ಕಂಡಕ್ಟರ್ ಇದ್ದಾನೆ. "ಪಡುಬಿದ್ರಿ, ಮೂಲ್ಕಿ, ಸುರತ್ಕಲ್" ಅಂತ ಕೂಗುತ್ತಾನೆ, ಎಲ್ಲಿಗೆ ಅಂತ ಕೇಳುತ್ತಾನೆ, ಇಳಿಯುವಾಗ ವಿಸಿಲ್ ಊದಿ ನಿಲ್ಲಿಸುತ್ತಾನೆ. ನಿದ್ದೆ ಬಂದರೂ ಪರವಾಗಿಲ್ಲ, ಎಬ್ಬಿಸುತ್ತಾನೆ. ದುಬೈ ಮೆಟ್ರೋದಲ್ಲಿ ಕಂಡಕ್ಟರ್ ಬಿಡಿ, ಡ್ರೈವರೇ ಇಲ್ಲ. ಎಲ್ಲ ತಾನಾಗಿಯೇ ಓಡುತ್ತದೆ. ಹಾಗಾಗಿ ಅಲ್ಲಿ ಕಂಡಕ್ಟರ್ ಮಾಡುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಅದು ಒಂದು ವಾರದಲ್ಲಿ ಕಲಿಯಬಹುದಾದ ಕೆಲಸ.

ನಿಮ್ಮ ಅದೃಷ್ಟ ಏನೆಂದರೆ ಮಗನ ಮನೆ ಅಲ್ ನಹ್ದಾದಲ್ಲಿದೆ. ಅಲ್ಲಿ ಹಸಿರು ಲೈನ್ ಹಾದುಹೋಗುತ್ತದೆ. ದುಬೈಯಲ್ಲಿ ಮೆಟ್ರೋದ ಲೈನ್ ಎರಡು. ಕೆಂಪು ಲೈನ್ ಶುರುವಾದದ್ದು 2009ರ ಸೆಪ್ಟೆಂಬರ್ 9ಕ್ಕೆ, ಹಸಿರು ಲೈನ್ ಸರಿಯಾಗಿ ಎರಡು ವರ್ಷಕ್ಕೆ, 2011ರ ಸೆಪ್ಟೆಂಬರ್ 9ಕ್ಕೆ. ಕೆಂಪು ಲೈನ್ ಉದ್ದ ಜಾಸ್ತಿ. ಎತ್ತರದ ಕಟ್ಟಡಗಳು, ದೊಡ್ಡ ಮಾಲ್‌ಗಳು ಇರುವ ಹೊಸ ದುಬೈ ಕಡೆಗೆ ಹೋಗುತ್ತದೆ. ಹಸಿರು ಲೈನ್‌ನಲ್ಲಿ ಇರುವುದು 20 ಸ್ಟೇಷನ್, ಅದು ಹಳೆಯ ಊರಿನೊಳಗೆ ಸುತ್ತುತ್ತದೆ. ನಮ್ಮವರು ಓಡಾಡುವ ಜಾಗಗಳೆಲ್ಲ ಇದರ ಮೇಲೇ ಇವೆ. ಮೊದಲ ತಿಂಗಳು ಕೆಂಪು ಲೈನನ್ನು ಮರೆತುಬಿಡಿ. ಹಸಿರು ಒಂದೇ ಸಾಕು.

ಅಲ್ ನಹ್ದಾದಿಂದ ಹೊರಟರೆ ಸ್ಟೇಷನ್‌ಗಳು ಹೀಗೆ ಬರುತ್ತವೆ: ಸ್ಟೇಡಿಯಂ, ಅಲ್ ಕಿಯಾದಾ, ಅಬು ಹೈಲ್, ಅಬು ಬಕರ್ ಅಲ್ ಸಿದ್ದೀಕ್, ಸಲಾಹ್ ಅಲ್ ದೀನ್, ಆರನೆಯದು ಯೂನಿಯನ್. ಆಮೇಲೆ ಬನಿಯಾಸ್ ಸ್ಕ್ವೇರ್, ಗೋಲ್ಡ್ ಸೂಕ್, ಅಲ್ ರಾಸ್. ಅಲ್ಲಿಂದ ರೈಲು ಕ್ರೀಕ್‌ನ ನೀರಿನ ಅಡಿಯಲ್ಲೇ ಸುರಂಗದಲ್ಲಿ ದಾಟಿ ಅಲ್ ಗುಬೈಬಾಕ್ಕೆ ಬರುತ್ತದೆ. ಕ್ರೀಕ್ ಅಂದರೆ ಸಮುದ್ರ ಊರೊಳಗೆ ನುಗ್ಗಿ ಬಂದಿರುವ ಹಿನ್ನೀರು. ನಮ್ಮ ಅಳಿವೆಯ ಹಾಗೆ ಅಂದುಕೊಳ್ಳಿ, ಆದರೆ ನದಿ ಇಲ್ಲ. ಆಮೇಲೆ ಶರಫ್ ಡಿಜಿ, ಬುರ್ಜುಮಾನ್. ಬಂಗಾರದ ಅಂಗಡಿ ನೋಡಬೇಕಾ, ಗೋಲ್ಡ್ ಸೂಕ್‌ನಲ್ಲಿ ಇಳಿಯಿರಿ. ಮಸಾಲೆ ಬೀದಿಗೆ ಅಲ್ ರಾಸ್. ಸೀರೆ, ಬಟ್ಟೆ, ದೇವರ ಸಾಮಾನು ಅಂದರೆ ಮೀನಾ ಬಜಾರ್, ಅದಕ್ಕೆ ಶರಫ್ ಡಿಜಿ. ಬುರ್ಜುಮಾನ್‌ನಲ್ಲಿ ಇಳಿದರೆ ಕರಾಮಾ ಹತ್ತಿರ, ಅಲ್ಲಿ ದೋಸೆ-ಇಡ್ಲಿಯ ವಾಸನೆ ಹಿಡಿದೇ ದಾರಿ ಕಂಡುಕೊಳ್ಳಬಹುದು. ಈ ಹೆಸರುಗಳನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ 1, 2, 3 ಅಂತ ನಂಬರ್ ಹಾಕಿ. ರೈಲಿನಲ್ಲಿ ಪ್ರತಿ ಸ್ಟೇಷನ್ ಹೆಸರನ್ನು ಅರಬಿ, ಇಂಗ್ಲಿಷ್ ಎರಡರಲ್ಲೂ ಹೇಳುತ್ತಾರೆ, ಬಾಗಿಲ ಮೇಲೆ ಬರೆದೂ ಇರುತ್ತದೆ. ಆದರೂ ಬೆರಳು ಮಡಚಿ ಎಣಿಸುವುದು ಎಲ್ಲಕ್ಕಿಂತ ಗಟ್ಟಿ.

ಹೆಸರಿನ ಬಗ್ಗೆ ಒಂದು ಎಚ್ಚರ. ದುಬೈಯಲ್ಲಿ ಕಂಪನಿಗಳು ದುಡ್ಡು ಕೊಟ್ಟು ಸ್ಟೇಷನ್‌ಗೆ ತಮ್ಮ ಹೆಸರು ಇಡಿಸಿಕೊಳ್ಳುತ್ತವೆ. ಹಾಗಾಗಿ ಹೆಸರು ಬದಲಾಗುತ್ತಲೇ ಇರುತ್ತದೆ. ಈಗಿನ ಶರಫ್ ಡಿಜಿ ಮೊದಲು ಅಲ್ ಫಹಿದಿ ಆಗಿತ್ತು. ಗೋಲ್ಡ್ ಸೂಕ್ ಮೊದಲು ಪಾಮ್ ದೇರಾ. ಅಲ್ಲಿ ಇಪ್ಪತ್ತು ವರ್ಷದಿಂದ ಇರುವವರು ಹಳೆ ಹೆಸರನ್ನೇ ಹೇಳುತ್ತಾರೆ. ಮಂಗಳೂರಿನಲ್ಲಿ ಅಂಬೇಡ್ಕರ್ ಸರ್ಕಲ್ ಅಂದರೆ ಯಾರಿಗೂ ತಲೆಗೆ ಹೋಗದೆ, ಜ್ಯೋತಿ ಅಂದರೆ ರಿಕ್ಷಾದವರು ಹೊರಡುತ್ತಾರಲ್ಲ, ಹಾಗೆಯೇ. ಮಗನ ಹತ್ತಿರ ಎರಡೂ ಹೆಸರು ಕೇಳಿ ಚೀಟಿಯಲ್ಲಿ ಬರೆದಿಡಿ.

ಇನ್ನು ದಿಕ್ಕು. ಜನ ತಪ್ಪುವುದು ಇಲ್ಲೇ. ಪ್ಲಾಟ್‌ಫಾರ್ಮ್‌ನಲ್ಲಿ ನಿಮ್ಮ ಸ್ಟೇಷನ್ ಹೆಸರು ದೊಡ್ಡದಾಗಿ ಬರೆದಿರುವುದಿಲ್ಲ, ಲೈನಿನ ಕೊನೆಯ ಸ್ಟೇಷನ್ ಹೆಸರು ಬರೆದಿರುತ್ತದೆ. ಹಸಿರು ಲೈನಿಗೆ ಎರಡು ಕೊನೆ. ಒಂದು ಕಡೆ ಕ್ರೀಕ್, ಇನ್ನೊಂದು ಕಡೆ ಎತಿಸಲಾತ್. ಎತಿಸಲಾತ್ ಅಂದರೆ ಅಲ್ಲಿನ ಟೆಲಿಫೋನ್ ಕಂಪನಿ. ಅದರ ಹೊಸ ಗುರುತು 'ಇ ಅಂಡ್', ಬೋರ್ಡಿನಲ್ಲಿ ಅದು ಕಂಡರೆ ಗಾಬರಿಯಾಗಬೇಡಿ. ಮನೆಯಿಂದ ಪೇಟೆಗೆ ಹೋಗುವಾಗ ಕ್ರೀಕ್ ಕಡೆ. ಪೇಟೆಯಿಂದ ಮನೆಗೆ ಬರುವಾಗ ಎತಿಸಲಾತ್ ಕಡೆ. ಇಷ್ಟನ್ನು ಬಾಯಿಪಾಠ ಮಾಡಿ, ಸ್ನಾನ ಮಾಡುವಾಗ, ಅಡುಗೆ ಮಾಡುವಾಗ ಹೇಳಿಕೊಳ್ಳಿ. ನಾನು ಆರು ವರ್ಷ ಅಲ್ಲಿ ಇದ್ದ ಮೇಲೂ ಒಂದು ಸಂಜೆ ಯೂನಿಯನ್‌ನಲ್ಲಿ ಬೋರ್ಡ್ ನೋಡದೆ ಕೆಂಪು ಲೈನಿನ ತಪ್ಪು ರೈಲು ಹತ್ತಿದೆ. ಕಿಟಕಿಯಲ್ಲಿ ಏರ್‌ಪೋರ್ಟ್ ಕಂಡಾಗ ಎದೆ ಧಸಕ್ಕೆಂದಿತು. ಏನಾಯಿತು? ಇಳಿದೆ, ಎದುರಿನ ಪ್ಲಾಟ್‌ಫಾರ್ಮ್‌ಗೆ ಹೋದೆ, ವಾಪಸ್ ಬಂದೆ. ಇಪ್ಪತ್ತು ನಿಮಿಷ ತಡವಾಯಿತು, ಅಷ್ಟೆ. ನೀವು ಅಲ್ ನಹ್ದಾ ದಾಟಿ ಹೋದರೂ ಅಲ್ಲಿಂದ ಮುಂದೆ ಮೂರೇ ಸ್ಟೇಷನ್. ಲೈನ್ ಮುಗಿಯುತ್ತದೆ. ಎಲ್ಲಿಗೂ ಕೊಚ್ಚಿಕೊಂಡು ಹೋಗುವುದಿಲ್ಲ.

ಟಿಕೆಟಿಗೆ ನೋಲ್ ಕಾರ್ಡ್ ಅಂತ ಇದೆ. ಸಿಲ್ವರ್ ಕಾರ್ಡ್ ಮಾಡಿಸಿಕೊಳ್ಳಿ. 25 ದಿರ್ಹಾಂ ಕೊಟ್ಟರೆ ಅದರಲ್ಲಿ 19 ದಿರ್ಹಾಂ ಓಡಾಡಲು ಇರುತ್ತದೆ. ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಊರಿಗೆ ಬರುವಾಗ ಬಿಸಾಡಬೇಡಿ. ಊರನ್ನು ವಲಯಗಳಾಗಿ ಮಾಡಿದ್ದಾರೆ. ಒಂದೇ ವಲಯದೊಳಗೆ 3 ದಿರ್ಹಾಂ, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರ ಎಷ್ಟು ಹೋದರೂ 7.50. ಇದೇ ಕಾರ್ಡ್ ಬಸ್ಸಿಗೂ ಆಗುತ್ತದೆ. ಒಳಗೆ ಹೋಗುವಾಗ ಒಮ್ಮೆ ತಾಗಿಸಬೇಕು, ಹೊರಗೆ ಬರುವಾಗ ಇನ್ನೊಮ್ಮೆ. ಮೆಟ್ರೋದಲ್ಲಿ ಮರೆಯಲು ಆಗುವುದಿಲ್ಲ, ಗೇಟ್ ಇರುತ್ತದೆ. ಬಸ್ಸಿನಲ್ಲಿ ಮರೆಯುತ್ತಾರೆ, ಮರೆತರೆ ದುಡ್ಡು ಜಾಸ್ತಿ ಹೋಗುತ್ತದೆ. ಕಾರ್ಡಿನಲ್ಲಿ ಯಾವಾಗಲೂ 20 ದಿರ್ಹಾಂಗಿಂತ ಕಮ್ಮಿ ಆಗದ ಹಾಗೆ ನೋಡಿಕೊಳ್ಳಿ.

ರೈಲಿನಲ್ಲಿ ಐದು ಬೋಗಿ. ಒಂದು ತುದಿಯಲ್ಲಿ ಗೋಲ್ಡ್ ಕ್ಲಾಸ್, ಅದರ ದರ ಎರಡು ಪಟ್ಟು. ಸಿಲ್ವರ್ ಕಾರ್ಡ್ ಹಿಡಿದು ಅದರೊಳಗೆ ಹೋದರೆ 100 ದಿರ್ಹಾಂ ದಂಡ. ಅದರ ಪಕ್ಕದಲ್ಲಿ ಹೆಂಗಸರು-ಮಕ್ಕಳ ಜಾಗ, ನೆಲದಲ್ಲಿ ಗುಲಾಬಿ ಬಣ್ಣದ ಗುರುತು ಇರುತ್ತದೆ. ನೀವು ಅಲ್ಲೇ ಹತ್ತಿ. ಸಂದೇಹ ಬಂದರೆ ಪಕ್ಕದ ಹೆಂಗಸನ್ನು ಕೇಳಿ. ನಾನು ಅಲ್ಲಿ ಹಿಂದಿ, ಮಲಯಾಳಂ ಕೇಳದ ದಿನವೇ ಇಲ್ಲ, ತುಳು ಕೇಳಿದ್ದೂ ಎಷ್ಟೋ ಸಲ. ಆದರೆ ರೈಲಿನಲ್ಲೂ ಸ್ಟೇಷನ್‌ನಲ್ಲೂ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಅದಕ್ಕೂ 100 ದಿರ್ಹಾಂ. ಚಕ್ಕುಲಿ ಬ್ಯಾಗಿನೊಳಗೇ ಇರಲಿ. ಒಂದು ತೆಳ್ಳಗಿನ ಶಾಲು ಇಟ್ಟುಕೊಳ್ಳಿ, ಒಳಗೆ ಎಸಿ ತುಂಬಾ ಚಳಿ.

ಎಸ್ಕಲೇಟರ್ ಬಗ್ಗೆ ನೀವು ಕೇಳಿಲ್ಲ. ನನ್ನ ಹತ್ತಿರ ಬರುವ ಹೆಚ್ಚಿನ ತಾಯಂದಿರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ನಿಜವಾದ ಹೆದರಿಕೆ ಅದೇ ಆಗಿರುತ್ತದೆ. ಪ್ರತಿ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ, ನಾಚಿಕೆ ಬಿಟ್ಟು ಅದನ್ನೇ ಹುಡುಕಿ. ಎಸ್ಕಲೇಟರ್ ಕಲಿಯಬೇಕೆಂದರೆ ಹೊರಡುವ ಮೊದಲು ಒಂದು ಮಧ್ಯಾಹ್ನ ಮಂಗಳೂರಿನ ಯಾವುದಾದರೂ ಮಾಲ್‌ಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಸ್ವಲ್ಪ ಎತ್ತಿ ಹಿಡಿದು ಹತ್ತು ಸಲ ಹತ್ತಿ ಇಳಿಯಿರಿ. ಯಾರು ನೋಡಿದರೂ ನೋಡಲಿ. ರೈಲಿನ ಬಾಗಿಲಿಗೂ ಒಂದು ಮಾತು. ಅದು ಮುಚ್ಚುವ ಮೊದಲು ಸದ್ದು ಮಾಡುತ್ತದೆ. ಸದ್ದು ಕೇಳಿದ ಮೇಲೆ ಓಡಿ ಹತ್ತಬೇಡಿ, "ಹೋಲ್ಡ್" ಅಂದರೆ ಕಾಯಲು ಅಲ್ಲಿ ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ.

ರೈಲಿನಲ್ಲಿ ಯಾರೂ ಕಳೆದುಹೋಗುವುದಿಲ್ಲ ಅಕ್ಕಾ, ಸ್ಟೇಷನ್‌ನಿಂದ ಹೊರಗೆ ಬಂದ ಮೇಲೆ ಕಳೆದುಹೋಗುತ್ತಾರೆ. ಪ್ರತಿ ಸ್ಟೇಷನ್‌ಗೆ ಒಂದಕ್ಕಿಂತ ಜಾಸ್ತಿ ದಾರಿ, ಒಂದೊಂದಕ್ಕೂ ನಂಬರ್. ಒಂದು ರಸ್ತೆಯ ಈ ಕಡೆ ಇಳಿಸಿದರೆ ಇನ್ನೊಂದು ಆ ಕಡೆ. ಅಲ್ಲಿನ ರಸ್ತೆ ನಮ್ಮ ಹೈವೇಗಿಂತಲೂ ಅಗಲ, ಕೈ ತೋರಿಸಿ ದಾಟುವ ಮಾತೇ ಇಲ್ಲ. ದಾಟಬಾರದ ಕಡೆ ದಾಟಿದರೆ 400 ದಿರ್ಹಾಂ ದಂಡ, ಜೀವಕ್ಕೂ ಅಪಾಯ. ಮನೆ ಕಣ್ಣೆದುರಿಗೇ ಕಾಣುತ್ತಿರುತ್ತದೆ, ಹೋಗಲು ಆಗುವುದಿಲ್ಲ. ಹಾಗಾದರೆ ಸ್ಟೇಷನ್‌ಗೆ ವಾಪಸ್ ಹತ್ತಿ, ಮೇಲಿನ ಸೇತುವೆಯಲ್ಲಿ ಆಚೆ ಬದಿಗೆ ನಡೆದು ಇಳಿಯಿರಿ. ಹೋಗುವಾಗಲೇ ನಿಮ್ಮ ದಾರಿಯ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಾಗೆಯೇ ಸ್ಟೇಷನ್‌ನಿಂದ ಮನೆಗೆ ಬರುವಾಗ ಸಿಗುವ ಗುರುತುಗಳನ್ನು ನೋಡಿಟ್ಟುಕೊಳ್ಳಿ, ಮೆಡಿಕಲ್ ಇರಲಿ, ಬೇಕರಿ ಇರಲಿ, ಮಸೀದಿ ಇರಲಿ. ಕಟ್ಟೆಯ ಹತ್ತಿರ ಎಡಕ್ಕೆ, ದೈವಸ್ಥಾನದ ಹತ್ತಿರ ಬಲಕ್ಕೆ ಅಂತಲೇ ಹುಟ್ಟಿ ಬೆಳೆದವರು ನಾವು. ಈ ವಿಷಯದಲ್ಲಿ ನಕ್ಷೆ ನೋಡಿಕೊಂಡು ನಡೆಯುವ ಮಕ್ಕಳಿಗಿಂತ ನೀವೇ ಮುಂದೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಅಲ್ ನಹ್ದಾ ಅಂತ ದುಬೈಯಲ್ಲೂ ಇದೆ, ಗಡಿಯಾಚೆ ಶಾರ್ಜಾದಲ್ಲೂ ಇದೆ, ಎರಡೂ ಅಕ್ಕಪಕ್ಕ. ದುಬೈ ಕಡೆಯದರಲ್ಲೂ 1, 2 ಅಂತ ಇದೆ. ಟ್ಯಾಕ್ಸಿಯವರಿಗೆ ಬರೀ ಅಲ್ ನಹ್ದಾ ಅಂದರೆ ಸಾಲದು. ಇದಕ್ಕೆ ಒಳ್ಳೆಯ ಉಪಾಯ ಮಕಾನಿ ನಂಬರ್. ದುಬೈಯ ಪ್ರತಿ ಕಟ್ಟಡದ ಬಾಗಿಲಿಗೆ ಹತ್ತು ಅಂಕಿಯ ಒಂದು ನಂಬರ್ ಇದೆ, ಬಾಗಿಲ ಪಕ್ಕ ಫಲಕದಲ್ಲಿ ಹಾಕಿರುತ್ತಾರೆ. ಅದನ್ನು ಹೇಳಿದರೆ ಟ್ಯಾಕ್ಸಿ ಇರಲಿ, ಪೊಲೀಸ್ ಇರಲಿ, ಅದೇ ಬಾಗಿಲಿಗೆ ಬರುತ್ತಾರೆ. ಆ ನಂಬರ್, ಕಟ್ಟಡದ ಹೆಸರು, ಫ್ಲ್ಯಾಟ್ ನಂಬರ್, ಮಗ-ಸೊಸೆಯ ಫೋನ್ ನಂಬರ್ ಇಷ್ಟನ್ನೂ ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆಸಿ, ಒಂದು ಪರ್ಸಿನಲ್ಲಿ, ಒಂದು ರವಿಕೆಯೊಳಗೆ. ಫೋನಿನ ಬ್ಯಾಟರಿ ಮುಗಿಯುತ್ತದೆ, ಚೀಟಿಯದು ಮುಗಿಯುವುದಿಲ್ಲ.

ಫೋನ್ ವಿಷಯ ತುಂಬಾ ಮುಖ್ಯ. ಅಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಮೆಸೇಜ್, ವಾಯ್ಸ್ ಮೆಸೇಜ್ ಹೋಗುತ್ತದೆ, ಕಾಲ್ ಮಾತ್ರ ಇಲ್ಲ. ಊರಿನಲ್ಲಿ ಅದೊಂದನ್ನೇ ಒತ್ತಿ ಅಭ್ಯಾಸವಾದವರು ದಾರಿಯಲ್ಲಿ ನಿಂತು ಒತ್ತಿ ಒತ್ತಿ ಅಳುವ ಹಾಗಾಗುತ್ತದೆ. ಮೊದಲ ದಿನವೇ ಅಲ್ಲಿನ ಸಿಮ್ ಹಾಕಿಸಿ, ಮಗನ ನಂಬರಿಗೆ ಮಾಮೂಲಿ ಕಾಲ್ ಮಾಡಿ ನೋಡಿ. ಊರಿಗೆ ಮಾತಾಡಲು ಬೋಟಿಮ್ ಅಂತ ಬೇರೆ ಆ್ಯಪ್ ಇದೆ.

ಇನ್ನು ಅಭ್ಯಾಸ ಮಾಡುವ ಕ್ರಮ. ಅಲ್ಲಿ ಈಗ ಶನಿವಾರ, ಭಾನುವಾರ ರಜೆ. ಮೊದಲ ಶನಿವಾರ ಮಗನಿಗೆ ಮಾಲ್‌ಗೆ ಕರೆದುಕೊಂಡು ಹೋಗು ಅನ್ನಬೇಡಿ, ಮೆಟ್ರೋಗೆ ಬಾ ಅನ್ನಿ. ಆದರೆ ಮುಂದೆ ನೀವು, ಹಿಂದೆ ಅವನು. ನೀವು ಕಾರ್ಡ್ ತಾಗಿಸಿ, ನೀವು ಬೋರ್ಡ್ ಓದಿ, ನೀವು ತಪ್ಪಿದರೂ ಅವನು ಸುಮ್ನೆ ಇರಬೇಕು. ಇದನ್ನು ಅವನಿಗೆ ಮೊದಲೇ ಹೇಳಿ. ಮಕ್ಕಳಿಗೆ ಸುಮ್ಮನಿರುವುದು ಕಷ್ಟ, "ಅಮ್ಮಾ ಇಲ್ಲಿ, ಅಮ್ಮಾ ಅಲ್ಲಿ" ಅಂತ ಕೈ ಹಿಡಿದು ಎಳೆಯುತ್ತಾರೆ, ಆಗ ನೀವು ಏನೂ ಕಲಿಯುವುದಿಲ್ಲ. ಸೋಮವಾರ ಒಬ್ಬರೇ ಹೋಗಿ, ಅಬು ಹೈಲ್‌ವರೆಗೆ, ಮೂರು ಸ್ಟೇಷನ್. ಇಳಿಯಿರಿ, ಎದುರು ಬದಿಯಿಂದ ವಾಪಸ್ ಬನ್ನಿ. ಬುಧವಾರ ಯೂನಿಯನ್. ಮುಂದಿನ ವಾರ ಗೋಲ್ಡ್ ಸೂಕ್. ಹೊರಡುವ ಹೊತ್ತು ಹತ್ತು ಗಂಟೆ, ಅಷ್ಟೊತ್ತಿಗೆ ಆಫೀಸಿನವರ ನೂಕುನುಗ್ಗಲು ಮುಗಿದಿರುತ್ತದೆ. ಸಂಜೆ ಐದರ ಮೊದಲು ಮನೆ ಸೇರಿ, ಅಲ್ಲಿಂದ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಹಳೆ ಪೇಟೆಯ ಅಂಗಡಿಗಳು ಮುಚ್ಚಿರುತ್ತವೆ, ಆ ದಿನ ಬಿಡಿ. ಮೂರನೇ ವಾರ ನಿಮಗೆ ನಾನು ಇಟ್ಟಿರುವ ದಾರಿ ಬೇರೆ ಇದೆ.

ಅಲ್ ರಾಸ್‌ನಲ್ಲಿ ಇಳಿಯಿರಿ. ಮಸಾಲೆ ಅಂಗಡಿಗಳ ನಡುವೆ ನಡೆದು ಕ್ರೀಕ್ ದಡಕ್ಕೆ ಬನ್ನಿ. ಅಲ್ಲಿ ಅಬ್ರಾ ಇರುತ್ತದೆ, ಮರದ ದೋಣಿ. ಒಂದು ದಿರ್ಹಾಂ ನಾಣ್ಯ ಕೈಯಲ್ಲಿ ಇಟ್ಟುಕೊಳ್ಳಿ, ದೋಣಿಯವನಿಗೇ ಕೊಡಬೇಕು. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಜನ ತುಂಬಿದ ಕೂಡಲೇ ಬಿಡುತ್ತಾರೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದ್ದೀರಲ್ಲ, ಥೇಟ್ ಅದೇ. ಡೀಸೆಲ್ ವಾಸನೆ, ಉಪ್ಪುಗಾಳಿ, ತಲೆಯ ಮೇಲೆ ಹಕ್ಕಿ. ನಾನು ಕೆಲಸದಲ್ಲಿ ಬೇಸತ್ತ ದಿನಗಳಲ್ಲಿ ಸುಮ್ನೆ ಹೋಗಿ ಆಚೆ ದಾಟಿ ಈಚೆ ಬರುತ್ತಿದ್ದೆ, ಎರಡು ದಿರ್ಹಾಂಗೆ ಊರಿಗೆ ಹೋಗಿ ಬಂದ ಹಾಗಾಗುತ್ತಿತ್ತು. ಬುರ್ ದುಬೈ ಕಡೆ ಇಳಿದು ಬಟ್ಟೆ ಬೀದಿಯಲ್ಲಿ ನಡೆದರೆ ಮೀನಾ ಬಜಾರ್. ಅಲ್ಲಿ ಊಟ ಮಾಡಿ, ಶರಫ್ ಡಿಜಿಯಲ್ಲಿ ರೈಲು ಹತ್ತಿ, ಎತಿಸಲಾತ್ ಕಡೆ. ಇಷ್ಟಾದರೆ ನಿಮಗೆ ಹಳೆ ದುಬೈ ಗೊತ್ತಾಯಿತು. ಬುರ್ಜ್ ಖಲೀಫಾ ಕೆಂಪು ಲೈನಿನಲ್ಲಿದೆ, ಅದನ್ನು ಮಗ ತೋರಿಸಲಿ.

ನಿಜವಾಗಿ ದಾರಿ ತಪ್ಪಿದರೆ ಏನು ಅಂತ ಕೇಳಿದ್ದೀರಿ. ಮೊದಲು ನಿಲ್ಲಿ, ನಡೆಯುತ್ತಾ ಹೋಗಬೇಡಿ. ಯಾವುದಾದರೂ ಅಂಗಡಿಯೊಳಗೆ ಹೋಗಿ, ಎಸಿ ಇರುತ್ತದೆ, ಕೂರಲು ಕೇಳಿ. ಅಂಗಡಿಯ ಬೋರ್ಡಿನ ಫೋಟೋ ತೆಗೆದು ಮಗನಿಗೆ ಕಳಿಸಿ. ಅವನು ಮೀಟಿಂಗಿನಲ್ಲಿದ್ದರೆ ಟ್ಯಾಕ್ಸಿ ಹತ್ತಿ ಮಕಾನಿ ನಂಬರ್ ತೋರಿಸಿ. ಅಲ್ಲಿನ ಟ್ಯಾಕ್ಸಿ ಮೀಟರ್‌ನಲ್ಲೇ ಓಡುತ್ತದೆ, ಚೌಕಾಶಿ ಇಲ್ಲ. ಡ್ರೈವರ್‌ಗಳಲ್ಲಿ ಹಿಂದಿ, ಉರ್ದು ಗೊತ್ತಿರುವವರು ತುಂಬಾ ಜನ. ಗುಲಾಬಿ ಬಣ್ಣದ ಮಾಡು ಇರುವ ಟ್ಯಾಕ್ಸಿಯನ್ನು ಹೆಂಗಸರೇ ಓಡಿಸುತ್ತಾರೆ, ಹೆಂಗಸರಿಗೆಂದೇ ಇರುವುದು. ಇದಕ್ಕಾಗಿ 100 ದಿರ್ಹಾಂ ನೋಟು ಒಂದನ್ನು ಮುಟ್ಟದೆ ಇಟ್ಟುಕೊಳ್ಳಿ. ಪೊಲೀಸ್ ನಂಬರ್ 999. ಬಸ್, ಮೆಟ್ರೋ, ಟ್ಯಾಕ್ಸಿ ನಡೆಸುವ ಸಾರಿಗೆ ಪ್ರಾಧಿಕಾರದ ನಂಬರ್ 8009090, ಬ್ಯಾಗ್ ಮರೆತರೂ ಅಲ್ಲಿಗೇ ಹೇಳಬೇಕು. ಪೊಲೀಸರನ್ನು ಕಂಡರೆ ಹೆದರಬೇಡಿ. ಚೀಟಿ ತೋರಿಸಿ ಸಾಕು.

ಮೀನಿನ ವಿಷಯ ಬರೆಯದಿದ್ದರೆ ಕಾಪುವಿನವರಿಗೆ ಉತ್ತರ ಅರ್ಧವಾಗುತ್ತದೆ. ದೇರಾದ ಹಳೆ ಮೀನು ಮಾರ್ಕೆಟ್ 2017ರಲ್ಲಿ ವಾಟರ್‌ಫ್ರಂಟ್ ಮಾರ್ಕೆಟ್‌ಗೆ ಹೋಯಿತು. ಬೆಳಿಗ್ಗೆ ಹೋಗಿ, ಟ್ಯಾಕ್ಸಿಯಲ್ಲೇ ಹೋಗಿ ಟ್ಯಾಕ್ಸಿಯಲ್ಲೇ ಬನ್ನಿ. ಮೀನಿನ ಚೀಲ ಹಿಡಿದು ಮೆಟ್ರೋ ಹತ್ತಬೇಡಿ. ಆರಿಸುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ಬ್ಯಾಗ್ ಕಟ್ಟುವ ಹೊತ್ತಿಗೆ ಎರಡು ವಿಷಯ. ಗಸಗಸೆ ತೆಗೆದುಕೊಂಡು ಹೋಗಬೇಡಿ, ಮಸಾಲೆ ಪುಡಿಯಲ್ಲಿ ಬೆರೆಸಿಯೂ ಬೇಡ. ಆ ದೇಶದಲ್ಲಿ ಅದು ನಿಷಿದ್ಧ, ಜೈಲಿನವರೆಗೆ ಹೋಗಬಹುದು. ಎಲೆ-ಅಡಿಕೆ ಹಾಕುವ ಅಭ್ಯಾಸ ಇದ್ದರೆ ಅದೂ ಬೇಡ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ, ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿ ಕೆಲವಕ್ಕೆ ಅಲ್ಲಿ ಅನುಮತಿ ಬೇಕು, ಮಗನ ಹತ್ತಿರ ಹೆಸರು ಕಳಿಸಿ ಮೊದಲೇ ನೋಡಿಸಿ. ಏರ್‌ಪೋರ್ಟಿಗೆ ಅವನು ಬರುತ್ತಾನಲ್ಲ, ಟಿಕೆಟಿನಲ್ಲಿ ಟರ್ಮಿನಲ್ ನಂಬರ್ ನೋಡಿ ಅವನಿಗೆ ತಿಳಿಸಿ. ಟರ್ಮಿನಲ್ 1 ಮತ್ತು 3ಕ್ಕೆ ಮೆಟ್ರೋ ಇದೆ, 2ಕ್ಕೆ ಇಲ್ಲ.

ಚಪ್ಪಲಿ ಗಟ್ಟಿಯದು ಹಾಕಿ. ಸ್ಟೇಷನ್‌ನೊಳಗೇ ಒಂದು ಮೈಲಿ ನಡೆದ ಹಾಗಾಗುತ್ತದೆ.